ಹುಳುಮನೆಯ ಸಿನಿಮಾ

ಮೈಸೂರಿನಲ್ಲಿ ನಾವಿರುವ ಮನೆಯ ನೀರಿನ ತೊಟ್ಟಿಯನ್ನು ಆಗಾಗ ಬ್ಲೀಚಿಂಗ್ ಪುಡಿ ಹಾಕಿ ತೊಳೆಸುತ್ತಾರೆ. ಆ ದಿನ ಮೆಟ್ಟಿಲಿನ ತುಂಬ ಮೂಗಿಗೆ ಚುರುಗುಟ್ಟುವ ವಾಸನೆ. ಅಕ್ಕಪಕ್ಕದವರು ಕಿಟಕಿ ಮುಚ್ಚಿಕೊಳ್ಳುತ್ತಾರೆ, ನಾನು ತೆರೆದಿಡುತ್ತೇನೆ. ಸಿನಿಮಾ ಎಂದರೆ ನಿಮಗೆ ಹುರಿದ ಕಡಲೆಕಾಯಿಯೋ ಬೀಡಿ ಹೊಗೆಯೋ ಟಾಕೀಸಿನ ಹರಿದ ಸೀಟೋ ನೆನಪಾಗಬಹುದು. ನನಗೆ ನೆನಪಾಗುವುದು ಬ್ಲೀಚಿಂಗ್ ಪುಡಿ, ಹಸಿ ಸುಣ್ಣ, ಅವೆರಡರ ಅಡಿಯಲ್ಲಿ ಎಷ್ಟು ತೊಳೆದರೂ ಹೋಗದ ಹಿಪ್ಪುನೇರಳೆ ಸೊಪ್ಪಿನ ಕಮಟು. ಲೋಕದ ಯಾವ್ಯಾವುದೋ ಮೂಲೆಯ ಹಿಮವನ್ನು, ಕಡಲನ್ನು, ಮರಳುಗಾಡನ್ನು ನಾನು ಮೊದಲು ನೋಡಿದ್ದು ಆ ವಾಸನೆಯೊಳಗೆ ಕೂತು. ಮೊದಲ ಉಸಿರಿಗೆ ಅದು ಖುಷಿ ಕೊಡುತ್ತದೆ. ಎರಡನೆಯ ಉಸಿರಿಗೆ ಕಿವಿ ಬಿಸಿಯಾಗುತ್ತದೆ, ಯಾರೋ ಹಿಂದೆ ನಿಂತು ನೋಡುತ್ತಿದ್ದಾರೆ ಅನ್ನಿಸಿ ತಲೆ ತಾನಾಗಿ ತಗ್ಗುತ್ತದೆ. ಇಷ್ಟು ವರ್ಷ ಕಳೆದರೂ ಆ ನಾಚಿಕೆ ಮೈಯಿಂದ ಇಳಿದಿಲ್ಲ.

ನಮ್ಮೂರು ರಾಮನಗರದ ಬಂಡೆಗಳ ಬುಡದಲ್ಲಿತ್ತು. ಇತ್ತು ಎನ್ನುವುದು ತಪ್ಪಾದೀತು, ಊರು ಈಗಲೂ ಇದೆ, ನಮ್ಮ ಮನೆ ಇಲ್ಲ. ಹಂಚಿನ ಮನೆ, ಅದರ ಬೆನ್ನಿಗೆ ಉದ್ದನೆಯ ಹುಳುಮನೆ. ರೇಷ್ಮೆ ಹುಳು ಸಾಕುವ ಆ ಮನೆಗೆ ಕಿಟಕಿಗಳು ಸಣ್ಣವು, ಗೋಣಿತಾಟು ಇಳಿಬಿಟ್ಟರೆ ಹಗಲಲ್ಲೂ ಕತ್ತಲು. ಹುಳು ಹಣ್ಣಾಗಿ ಗೂಡು ಕಟ್ಟುವ ಮುಂಚಿನ ದಿನಗಳಲ್ಲಿ ಅವು ಸೊಪ್ಪು ತಿನ್ನುವ ಸದ್ದು, ಒಣಗಿದ ಎಲೆಗಳ ಮೇಲೆ ಬಹಳ ಜನ ಬರಿಗಾಲಲ್ಲಿ ಮೆಲ್ಲಗೆ ನಡೆದಂತೆ, ಅಡುಗೆಮನೆಯವರೆಗೂ ಕೇಳುತ್ತಿತ್ತು. ಅಪ್ಪ, ಅಮ್ಮ, ಚಿಕ್ಕಪ್ಪ, ನಾನು, ಎಲ್ಲರ ಮೇಲೆ ಅಜ್ಜಿ. ತಾತನನ್ನು ನಾನು ನೋಡಿರಲಿಲ್ಲ. ನಾನು ಹುಟ್ಟುವ ಮುಂಚೆಯೇ ಚನ್ನಪಟ್ಟಣದ ರಸ್ತೆಯಲ್ಲಿ ಲಾರಿ ಬಡಿದು ತೀರಿಕೊಂಡಿದ್ದ. ಅವನ ಮಾತನ್ನು ಅಜ್ಜಿ ಎತ್ತುತ್ತಿರಲಿಲ್ಲ, ನಾವೂ ಕೇಳುತ್ತಿರಲಿಲ್ಲ. ಅಜ್ಜಿ ನಗುವಿನವಳು. ಸೊಪ್ಪು ಕತ್ತರಿಸುವಾಗ, ಹುಳುವಿನ ತಟ್ಟೆ ಬದಲಿಸುವಾಗ, ದನಕ್ಕೆ ನೀರಿಡುವಾಗ ಏನಾದರೊಂದು ಹಾಡು ಅವಳ ಬಾಯಲ್ಲಿ ಇರುತ್ತಿತ್ತು. ಚಿಕ್ಕಪ್ಪ ನಾಗರಾಜುವಿಗೆ ಆ ಗುಣ ಅವಳಿಂದಲೇ ಬಂದದ್ದು. ಅಪ್ಪನಿಗೆ ಬರಲಿಲ್ಲ. ಅಪ್ಪ ಊರಿನ ಮಾತಿಗೆ ಅಂಜುವ, ನೆಟ್ಟಗೆ ಬದುಕುವ ಮನುಷ್ಯ.

ಮಾಗಿಯ ಚಳಿ ಶುರುವಾದರೆ ನಮ್ಮ ಬಂಡೆಗಳಿಗೆ ಹೊರದೇಶದವರು ಬರುತ್ತಿದ್ದರು. ಹಗ್ಗ, ಕೊಂಡಿ, ಸುಣ್ಣದಂಥ ಬಿಳಿ ಪುಡಿಯ ಚೀಲ ಸೊಂಟಕ್ಕೆ ಕಟ್ಟಿಕೊಂಡು ಬಂಡೆ ಏರುವುದೇ ಅವರಿಗೆ ಕೆಲಸ. ಊರವರು ಅವರಿಗೆ ‘ಬಂಡೆ ಹತ್ತೋರು’ ಎಂದೇ ಹೆಸರಿಟ್ಟಿದ್ದರು. ಯಾವ ಬಂಡೆಯಲ್ಲಿ ಹೆಜ್ಜೇನು ಕಟ್ಟಿದೆ, ಎಲ್ಲಿ ಚಿರತೆ ಮಲಗುತ್ತದೆ ಎಂದು ತೋರಿಸಲು ಅವರಿಗೆ ಒಬ್ಬ ಊರಿನ ಆಳು ಬೇಕಾಗುತ್ತಿತ್ತು, ಚಿಕ್ಕಪ್ಪ ಹೋಗುತ್ತಿದ್ದ. ಅವರಲ್ಲಿ ಮಾರ್ತ ಎನ್ನುವವಳು ಮಾತ್ರ ಪ್ರತಿ ಮಾಗಿಗೂ ಬಂದು ನಮ್ಮ ಮನೆಯ ಮುಂದಿನ ಕೋಣೆಯಲ್ಲೇ ಉಳಿಯುತ್ತಿದ್ದಳು. ಅವಳ ದೇಶದ ಹೆಸರು ನಮ್ಮ ಬಾಯಿಗೆ ಬರುತ್ತಿರಲಿಲ್ಲ, ಅಜ್ಜಿ ಅದನ್ನು ‘ಚಳಿ ದೇಶ’ ಅನ್ನುತ್ತಿದ್ದಳು. ನರೆತ ಕೂದಲು, ಒರಟು ಬೆರಳು, ಎಲ್ಲಿಗೇ ಹೋದರೂ ಅಲ್ಲಿಯ ಹಾಡೊಂದನ್ನು ಹುಡುಕಿ ತರುವ ಹುಚ್ಚು. ಮಾರ್ತ ಬಿಚ್ಚುವ ಚೀಲದಲ್ಲಿ ಬಟ್ಟೆಗಿಂತ ಕ್ಯಾಸೆಟ್ಟುಗಳೇ ಹೆಚ್ಚು. ಅವಳು ಹೋಗದ ಊರಿಲ್ಲ ಎಂದು ನನಗೆ ಅನ್ನಿಸುತ್ತಿತ್ತು. ಒಮ್ಮೆ ನಮ್ಮ ಅಂಗಳದ ಮಣ್ಣಿನಲ್ಲೇ ಕಡ್ಡಿಯಿಂದ ಭೂಮಿಯ ನಕ್ಷೆ ಬರೆದು, ಒಂದೊಂದು ಕ್ಯಾಸೆಟ್ಟನ್ನೂ ಅದರದರ ಜಾಗದಲ್ಲಿ ಇಟ್ಟು ತೋರಿಸಿದಳು. ಕೋಳಿಗಳು ಬಂದು ಒಂದು ಖಂಡವನ್ನು ಕೆದರಿಬಿಟ್ಟವು.

ಚಿಕ್ಕಪ್ಪ ಆ ಕ್ಯಾಸೆಟ್ಟುಗಳನ್ನು ಹುಳುಮನೆಯಲ್ಲಿ ಹಾಕುತ್ತಿದ್ದ. ಒಂದರಲ್ಲಿ ಒಬ್ಬನೇ ಮನುಷ್ಯ ಗಂಟಲಿನಿಂದ ಎರಡು ದನಿ ತೆಗೆಯುತ್ತಿದ್ದ, ಕೆಳಗೆ ಗಾಣ ತಿರುಗಿದ ಹಾಗೆ, ಮೇಲೆ ಕೊಳಲಿನ ಹಾಗೆ. ಇನ್ನೊಂದರಲ್ಲಿ ಮರಳುಗಾಡಿನವರು ಒಂದೇ ರಾಗವನ್ನು ಒಂಟೆ ನಡೆದಂತೆ ಎಳೆದು ಎಳೆದು ಬಾರಿಸುತ್ತಿದ್ದರು. ಹೆಂಗಸರೇ ಗುಂಪಾಗಿ ಹಾಡುವ ಒಂದು ಕ್ಯಾಸೆಟ್ಟು ಅಜ್ಜಿಗೆ ಬಹಳ ಹಿಡಿಸಿತ್ತು. ಅವರ ದನಿಗಳು ಒಂದಕ್ಕೊಂದು ಉಜ್ಜಿಕೊಂಡು ಇನ್ನೇನು ಒಡೆಯಬೇಕು ಅನ್ನುವಾಗ ಕೂಡಿಕೊಳ್ಳುತ್ತಿದ್ದವು. ಅಜ್ಜಿ ಸೊಪ್ಪು ಹಾಕುವುದನ್ನು ನಿಲ್ಲಿಸಿ ಕಿವಿಗೊಟ್ಟಳು.

‘ಇದು ಸೋಬಾನೆ ಕಣ್ಲಾ ನಾಗ. ಯಾರ್ದೋ ಮನೆ ಹೆಣ್ಣು ಕಳಿಸ್ಕೊಡ್ತಾವ್ರೆ.’

ಚಿಕ್ಕಪ್ಪ ತನ್ನ ಮುರುಕು ಇಂಗ್ಲಿಷಿನಲ್ಲಿ ಮಾರ್ತಳನ್ನು ಕೇಳಿ ಬಂದ. ‘ಅಲ್ವಂತೆ ಕಣವ್ವ. ಹುಲ್ಲು ಕುಯ್ಯೋವಾಗ ಹೇಳ್ಕಳ್ಳೋ ಹಾಡಂತೆ.’

‘ಅವಳ್ಗೆ ಗೊತ್ತಿಲ್ಲ ಬುಡು’ ಎಂದಳು ಅಜ್ಜಿ. ಆಮೇಲೆ ಅದನ್ನೇ ಗುನುಗುತ್ತ ಬಂದಳು. ಅರ್ಥ ಗೊತ್ತಿಲ್ಲದ ಆ ಮಾತುಗಳಿಗೆ ತನ್ನವೇ ಮಾತು ತುಂಬಿ ಹಾಡುತ್ತಿದ್ದಳು. ನಾನು ಬಹಳ ದಿನ ಅದು ನಮ್ಮ ಕಡೆಯ ಹಾಡೇ ಎಂದುಕೊಂಡಿದ್ದೆ.

ಸಿನಿಮಾ ಬಂದದ್ದು ಆಮೇಲೆ. ಒಂದು ವರ್ಷ ಮಾರ್ತ ಹೊರಡುವಾಗ ಸೀಡಿ ಹಾಕಿ ನೋಡುವ ತನ್ನ ಪುಟ್ಟ ಪ್ರೊಜೆಕ್ಟರನ್ನೂ ಒಂದಿಷ್ಟು ಸೀಡಿಗಳನ್ನೂ ಚಿಕ್ಕಪ್ಪನ ಕೈಗೆ ಕೊಟ್ಟು, ನೋಡುತ್ತಿರು, ಮುಂದಿನ ಮಾಗಿಗೆ ಬಂದಾಗ ಯಾವುದು ಹಿಡಿಸಿತು ಹೇಳು ಎಂದಳು. ಗೂಡು ಬಿಡಿಸಿ ಮಾರಿದ ಮೇಲೆ ಹುಳುಮನೆಯನ್ನು ಬ್ಲೀಚಿಂಗ್ ಪುಡಿ, ಸುಣ್ಣ ಹಾಕಿ ತೊಳೆದು, ಮುಂದಿನ ಹುಳು ತರುವವರೆಗೆ ಖಾಲಿ ಬಿಡುತ್ತಿದ್ದರು. ಆ ಖಾಲಿ ದಿನಗಳ ಭಾನುವಾರ ಮಧ್ಯಾಹ್ನ, ಗೋಣಿತಾಟು ಇಳಿಸಿ, ಸುಣ್ಣ ಬಳಿದ ಗೋಡೆಯ ಮೇಲೆ ಚಿಕ್ಕಪ್ಪ ಸಿನಿಮಾ ಬಿಡತೊಡಗಿದ. ರಾಮನಗರದಲ್ಲಿ ರೇಷ್ಮೆ ನೂಲು ತೆಗೆಯುತ್ತಿದ್ದ, ನಮ್ಮ ಗೂಡು ಕೊಳ್ಳುತ್ತಿದ್ದ, ಚಿಕ್ಕಪ್ಪನ ಗೆಳೆಯರೂ ಆಗಿದ್ದ ಖಲೀಲ್ ಸ್ಕೂಟರಿನ ಮೇಲೆ ಎರಡು ಸ್ಪೀಕರ್ ಹೇರಿಕೊಂಡು ಬರುತ್ತಿದ್ದರು. ಮೊದಲು ಮನೆಯವರಷ್ಟೇ ಇದ್ದೆವು. ಬರಬರುತ್ತ ಓಣಿಯ ಹೆಂಗಸರು, ಮಕ್ಕಳು, ಬೇಸಾಯ ಮುಗಿಸಿದ ಗಂಡಸರು ಬಂದು ಸೇರಿಕೊಂಡರು. ಒಂದು ಸಿನಿಮಾದಲ್ಲಿ ಒಬ್ಬ ಹುಡುಗಿ ಬೆಟ್ಟದಿಂದ ಬೆಟ್ಟಕ್ಕೆ ಒಂದು ಕನ್ನಡಿ ಹೊತ್ತು ನಡೆಯುತ್ತಾಳೆ, ಮಾತೇ ಇಲ್ಲ. ಇನ್ನೊಂದರಲ್ಲಿ ವಯಸ್ಸಾದ ಹೆಂಗಸರು ತಣ್ಣೀರಿನ ಕಡಲಿಗೆ ಇಳಿದು ಚಿಪ್ಪು ಹೆಕ್ಕುತ್ತಾರೆ. ಮಾತಿದ್ದ ಕಡೆ ಚಿಕ್ಕಪ್ಪ ಗೋಡೆಯ ಪಕ್ಕ ನಿಂತು ಕನ್ನಡದಲ್ಲಿ ಹೇಳುತ್ತಿದ್ದ. ಕೆಳಗೆ ಬರುವ ಇಂಗ್ಲಿಷ್ ಅಕ್ಷರಗಳಲ್ಲಿ ಅವನಿಗೆ ಅರ್ಧ ತಿಳಿಯುತ್ತಿತ್ತು, ಉಳಿದರ್ಧ ಅವನೇ ಕಟ್ಟುತ್ತಿದ್ದ. ‘ಅವ್ಳು ಕೇಳ್ತಾವ್ಳೆ, ಊಟ ಆಯ್ತಾ ಅಂತ. ಅವ್ನು ಹೇಳ್ತಾವ್ನೆ, ಆಯ್ತು ಅಂತ. ಆದ್ರೆ ಆಗಿಲ್ಲ, ಮಖ ನೋಡಿ.’ ಜನ ಮುಖ ನೋಡುತ್ತಿದ್ದರು. ಹೊಡೆದಾಟವಿಲ್ಲ, ಕುಣಿತವಿಲ್ಲ ಎಂದು ಗೊಣಗುತ್ತಲೇ ಮುಂದಿನ ಭಾನುವಾರವೂ ಬರುತ್ತಿದ್ದರು. ಅಜ್ಜಿ ಯಾವಾಗಲೂ ಮುಂದೆ, ಗೋಡೆಗೆ ಹತ್ತಿರ, ಮಂದಲಿಗೆಯ ಮೇಲೆ. ನಾನು ಅವಳ ತೊಡೆಗೆ ಒರಗಿ. ಅಪ್ಪನೂ ಬಾಗಿಲ ಬಳಿ ನಿಂತು ನೋಡಿದ್ದುಂಟು. ನಮ್ಮ ಮನೆ ಊರಿನಲ್ಲಿ ಅಷ್ಟು ಹಗುರವಾಗಿ, ಅಷ್ಟು ತುಂಬಿಕೊಂಡು ಇದ್ದದ್ದು ಆ ಒಂದು ಬೇಸಿಗೆ ಮಾತ್ರ.

ಆ ದಿನದ ಸಿನಿಮಾ ಹಿಮ ಬೀಳುವ ಒಂದು ಹಳ್ಳಿಯದು. ಒಬ್ಬ ಮುದುಕ, ಒಬ್ಬಳು ಮುದುಕಿ, ಸೌದೆ ಒಲೆ, ಒಂದು ಹಸು. ಮುದುಕಿಗೆ ಕಾಯಿಲೆ. ಹೊತ್ತು ಹೋದಂತೆ ಅವಳು ಮಾತು ನಿಲ್ಲಿಸುತ್ತಾಳೆ, ಒಂದು ಬೆಳಗ್ಗೆ ಉಸಿರೂ ನಿಂತಿರುತ್ತದೆ. ಮುದುಕ ಯಾರನ್ನೂ ಕರೆಯುವುದಿಲ್ಲ. ನೀರು ಕಾಯಿಸುತ್ತಾನೆ. ಅವಳನ್ನು ಮೇಜಿನ ಮೇಲೆ ಮಲಗಿಸಿ, ಒಂದೊಂದಾಗಿ ಬಟ್ಟೆ ತೆಗೆದು, ಒದ್ದೆ ಬಟ್ಟೆಯಿಂದ ಮೈ ಒರೆಸುತ್ತಾನೆ. ಜೋತ ಎದೆ, ಹೆರಿಗೆಯ ಗೆರೆಗಳ ಹೊಟ್ಟೆ, ತೆಳ್ಳನೆಯ ಕಾಲು, ಎಲ್ಲವೂ ನಮ್ಮ ಗೋಡೆಯ ಮೇಲೆ. ಚಿಕ್ಕಪ್ಪ ಸುಮ್ಮನಾಗಿದ್ದ, ಹೇಳಲು ಅಲ್ಲಿ ಮಾತಿರಲಿಲ್ಲ. ಮುದುಕ ಅವಳ ಕೂದಲಿಗೆ ಬಾಚಣಿಗೆ ಹಾಕಿದಾಗ ನನ್ನ ತಲೆಯ ಕೆಳಗಿನ ತೊಡೆ ನಡುಗಿತು. ಅಜ್ಜಿ ನನ್ನನ್ನು ಪಕ್ಕಕ್ಕೆ ಸರಿಸಿ, ಸೆರಗು ಮುಖಕ್ಕೆ ಒತ್ತಿಕೊಂಡು ಎದ್ದಳು. ಬೆಳಕಿನ ಮುಂದೆಯೇ ಹಾದು, ಕಾಲುಗಳನ್ನು ದಾಟಿ, ಬಾಗಿಲು ತೆರೆದು ಹೋಗಿಬಿಟ್ಟಳು. ತೆರೆದ ಬಾಗಿಲಿಂದ ಬಿಸಿಲು ನುಗ್ಗಿ ಗೋಡೆಯ ಚಿತ್ರ ಅಳಿಸಿದಂತಾಯಿತು. ಹಿಂದಿನ ಸಾಲಿನಲ್ಲಿ ಯಾವನೋ ಹಲ್ಲು ಕಿಸಿದ. ಒಬ್ಬಳು ತನ್ನ ಮಗಳ ರಟ್ಟೆ ಹಿಡಿದು ಎಬ್ಬಿಸಿದಳು, ಅವಳ ಹಿಂದೆ ಇನ್ನೊಬ್ಬಳು. ಹುಳುಮನೆ ಖಾಲಿಯಾಗಲು ಬಹಳ ಹೊತ್ತು ಹಿಡಿಯಲಿಲ್ಲ.

ಮರುದಿನವೇ ಮಾತು ಊರು ದಾಟಿತು. ನಾನು ಓದುತ್ತಿದ್ದದ್ದು ರಾಮನಗರದ ಶಾಲೆಯಲ್ಲಿ, ಬೇಸಿಗೆ ರಜೆ ಮುಗಿದು ಅದು ಆಗಷ್ಟೇ ತೆರೆದಿತ್ತು. ಊಟದ ಹೊತ್ತಿನಲ್ಲಿ ದೊಡ್ಡ ತರಗತಿಯ ಹುಡುಗಿಯರು ಬಂದು, ‘ನಿಮ್ಮನೇಲಿ ಬ್ಲೂ ಫಿಲಂ ತೋರಿಸ್ತಾರಂತೆ?’ ಎಂದು ಕೇಳಿ ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ನನಗೆ ಆ ಪದ ಗೊತ್ತಿರಲಿಲ್ಲ. ನಾವು ನೋಡಿದ ಸಿನಿಮಾಗಳಲ್ಲಿ ಕಡಲು ನೀಲಿ ಇತ್ತು, ಅದಕ್ಕೇ ಇರಬೇಕು ಅಂದುಕೊಂಡು ಹೌದು ಎಂದೆ. ಸಂಜೆ ಊಟಕ್ಕೆ ಕೂತಾಗ ಅಪ್ಪನನ್ನು ಕೇಳಿದೆ, ‘ಅಪ್ಪ, ಬ್ಲೂ ಫಿಲಂ ಅಂದ್ರೇನು?’ ಅಪ್ಪನ ಕೈ ಮುದ್ದೆಯ ಮೇಲೆ ನಿಂತಿತು. ನನ್ನನ್ನು ಬೈಯಲಿಲ್ಲ. ತಟ್ಟೆಯಲ್ಲೇ ಕೈ ತೊಳೆದು ಎದ್ದುಹೋದ. ಅಮ್ಮ ನನ್ನ ಬಾಯಿಗೆ ತನ್ನ ಅಂಗೈ ಅಡ್ಡ ಹಿಡಿದಳು. ಚಿಕ್ಕಪ್ಪ ತಲೆ ಎತ್ತಲಿಲ್ಲ. ಮೈಯೆಲ್ಲ ಮುದುಡಿಹೋಗುವ ಆ ಭಾವಕ್ಕೆ ನಾಚಿಕೆ ಎಂದು ಹೆಸರು ಅಂತ ನಾನು ಕಲಿತದ್ದು ಆ ಊಟದ ಹೊತ್ತಿನಲ್ಲಿ.

ಊರಿನ ಹಿರಿಯರು ಅಪ್ಪನನ್ನೂ ಚಿಕ್ಕಪ್ಪನನ್ನೂ ಹಾಲಿನ ಡೈರಿಯ ಮುಂದೆ ಕರೆಸಿದರು. ಹಾಲು ಹಾಕಲು ಕ್ಯಾನು ಹಿಡಿದು ಬಂದವರೆಲ್ಲ ನಿಂತು ನೋಡಿದರು, ಅಮ್ಮನ ಜೊತೆ ಕ್ಯಾನು ಹಿಡಿದು ನಾನೂ ನಿಂತಿದ್ದೆ. ಯಾರೂ ಕೂಗಾಡಲಿಲ್ಲ. ಕೂಗಾಡಿದ್ದರೆ ವಾಸಿಯಿತ್ತು. ಹಿರಿಯರಾದ ಬೋರೇಗೌಡರು ಮೆಲ್ಲಗೆ ಹೇಳಿದರು, ‘ನೋಡಪ್ಪ ನಾಗರಾಜು, ನೀನು ಕೆಟ್ಟೋನು ಅಂತ ನಾವೇನ್ ಅನ್ನಾಕಿಲ್ಲ. ಆದ್ರೆ ಹೆಣ್ಮಕ್ಕಳು ಕೂತಿದ್ರು.’

ಚಿಕ್ಕಪ್ಪ ಅಂದ, ‘ಅಣ್ಣ, ಅವ್ನು ಹೆಂಡ್ತಿಗೆ ಕೊನೆ ನೀರು ಹಾಕ್ತಿದ್ದ, ಅಷ್ಟೇಯ. ಅದ್ರಲ್ಲಿ ಕೆಟ್ಟದ್ದೇನೈತೆ?’

‘ನಿಮ್ಮವ್ವನೇ ಮಖ ಮುಚ್ಕಂಡು ಎದ್ದೋದ್ಲಲ್ಲಪ್ಪ. ಇನ್ನ ನಾವೇನ್ ಹೇಳಾದು?’

ಚಿಕ್ಕಪ್ಪ ತಿರುಗಿ ನಮ್ಮ ಮನೆಯ ಕಡೆ ನೋಡಿದ. ಅಲ್ಲಿಂದ ಕಾಣುತ್ತಿತ್ತು, ಅಜ್ಜಿ ಜಗಲಿಯ ಮೇಲೆ ಕೂತಿದ್ದಳು. ಅವಳು ಎದ್ದು ಬಂದು ಏನಾದರೂ ಹೇಳುತ್ತಾಳೆ ಎಂದು ಅವನು ಕಾದನೇನೋ. ಅವಳು ಏಳಲಿಲ್ಲ. ‘ಇನ್ಮೇಲೆ ತೋರ್ಸಾಕಿಲ್ಲ’ ಅಂದ ಚಿಕ್ಕಪ್ಪ. ಅಪ್ಪ ಎಲ್ಲರಿಗೂ ಕೈ ಮುಗಿದ. ಅಪ್ಪ ಊರಿನವರ ಮುಂದೆ ಹಾಗೆ ಕೈ ಮುಗಿದದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

ಪ್ರೊಜೆಕ್ಟರು ಗೋಣಿಚೀಲದಲ್ಲಿ ಸುತ್ತಿಕೊಂಡು ಅಟ್ಟ ಸೇರಿತು, ಕ್ಯಾಸೆಟ್ಟುಗಳೂ ಸೇರಿದವು. ಮಾಗಡಿ ಕಡೆಯ ತಿಪ್ಪಸಂದ್ರದಿಂದ ಚಿಕ್ಕಪ್ಪನಿಗೆ ಒಂದು ಸಂಬಂಧ ಕೂಡಿಬಂದಿತ್ತು, ಹುಡುಗಿ ನೋಡಿ ಆಗಿತ್ತು, ಇಬ್ಬರಿಗೂ ಒಪ್ಪಿಗೆಯಾಗಿತ್ತು. ಅವರು ಈಗ ಜಾತಕ ಕೂಡುತ್ತಿಲ್ಲ ಎಂದು ಹೇಳಿಕಳಿಸಿದರು. ಖಲೀಲ್ ಒಮ್ಮೆ ಗೂಡು ನೋಡಲು ಬಂದಾಗ ಅಪ್ಪ ಅಂಗಳದಲ್ಲೇ ಅವರನ್ನು ನಿಲ್ಲಿಸಿ, ‘ಒಸಿ ದಿನ ಈ ಕಡೆ ಬರ್ಬೇಡಿ, ಜನ ಏನೇನೋ ಮಾತಾಡ್ತಾರೆ’ ಎಂದ. ಖಲೀಲ್ ನಮ್ಮಲ್ಲೇ ಉಳಿದಿದ್ದ ತಮ್ಮ ಸ್ಪೀಕರುಗಳ ಮಾತು ಎತ್ತಲಿಲ್ಲ. ‘ಆಯ್ತಣ್ಣ’ ಅಂದು ಸ್ಕೂಟರ್ ತಿರುಗಿಸಿದರು. ಅವರು ತಲೆ ತಗ್ಗಿಸಿಕೊಂಡು ಹೋದದ್ದು ನಮ್ಮ ಮನೆಯ ಕಾರಣದಿಂದ ಎಂದು ನೆನೆದರೆ ಈಗಲೂ ನನ್ನ ಕತ್ತು ಬಾಗುತ್ತದೆ. ಅಜ್ಜಿ ಹಾಡುವುದನ್ನು ಬಿಟ್ಟಳು. ಹುಳುಗಳು ಸೊಪ್ಪು ತಿನ್ನುವ ಸದ್ದೊಂದೇ ಮನೆಯಲ್ಲಿ ಉಳಿಯಿತು.

ಮಾಗಿ ಬಂತು, ಮಾರ್ತಳೂ ಬಂದಳು. ಹೆಗಲ ಚೀಲ ಜಗಲಿಯ ಮೇಲಿಟ್ಟು ಅಜ್ಜಿಯನ್ನು ತಬ್ಬಿಕೊಂಡು, ‘ರಾಜು? ಸಿನಿಮಾ?’ ಎಂದು ಕೇಳಿದಳು. ನಾಗರಾಜು ಅವಳ ಬಾಯಲ್ಲಿ ರಾಜು. ಅವಳಿಗೆ ಬರುತ್ತಿದ್ದ ಕನ್ನಡ ಅಷ್ಟೇ. ಚಿಕ್ಕಪ್ಪ ಅವಳು ಓಣಿ ತಿರುಗುವುದನ್ನು ಕಂಡವನೇ ಹುಳುಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡಿದ್ದ. ನೀನು ಪ್ರೀತಿಯಿಂದ ಕೊಟ್ಟದ್ದನ್ನು ನಮ್ಮೂರು ಹೊಲಸು ಅಂದಿತು ಎಂದು ಅವಳ ಮುಖ ನೋಡಿ ಹೇಳುವ ಬಾಯಿ ಅವನಿಗಿರಲಿಲ್ಲ. ‘ಊರಲ್ಲಿಲ್ಲ’ ಎಂದಳು ಅಜ್ಜಿ, ಕೈ ಆಡಿಸಿ ತೋರಿಸುತ್ತ. ಮಾರ್ತ ಕಾಯುತ್ತೇನೆ ಎಂದು ಸನ್ನೆ ಮಾಡಿ ಕೂತಳು. ಅಜ್ಜಿ ಅವಳಿಗೆ ಮುದ್ದೆ, ಸೊಪ್ಪಿನ ಸಾರು ಬಡಿಸಿದಳು. ಮಾರ್ತ ತಿನ್ನುತ್ತ ಹುಳುಮನೆಯ ಕಡೆ ಎರಡು ಮೂರು ಸಲ ನೋಡಿದಳು. ಬಾಗಿಲ ಅಡಿಯ ಸಂದಿನಲ್ಲಿ, ಒಳಗೆ ಬಾಗಿಲಿಗೆ ಒತ್ತಿ ನಿಂತ ಕಾಲುಗಳು ನನಗೆ ಕಾಣುತ್ತಿದ್ದವು, ಅವಳಿಗೂ ಕಂಡಿರಬೇಕು. ಊಟ ಮುಗಿಸಿ, ತಟ್ಟೆಯನ್ನು ತಾನೇ ತೊಳೆದಿಟ್ಟು, ನನ್ನ ಕೆನ್ನೆ ತಟ್ಟಿ, ಚೀಲ ಹೊತ್ತುಕೊಂಡು ಬಸ್ಸಿನ ರಸ್ತೆಯ ಕಡೆ ನಡೆದಳು. ಅವಳು ಮತ್ತೆ ಬರಲಿಲ್ಲ. ಆ ಸಂಜೆ ಹುಳುಮನೆಯಿಂದ ಹೊರಬಂದ ಚಿಕ್ಕಪ್ಪ ಅಜ್ಜಿಯ ಜೊತೆ ಒಂದು ಮಾತೂ ಆಡಲಿಲ್ಲ. ತಾಯಿಗೆ ತನ್ನಿಂದ ತಲೆ ತಗ್ಗಿತು ಎಂದು ಅವನು ನಂಬಿಬಿಟ್ಟಿದ್ದ. ಆಮೇಲೆ ಅವರಿಬ್ಬರ ನಡುವೆ ಸೊಪ್ಪು, ನೀರು, ಹಾಲು, ಇಷ್ಟೇ ಮಾತು.

ವರ್ಷಗಳು ಹೋದವು. ಚಿಕ್ಕಪ್ಪ ರಾಮನಗರದಲ್ಲಿ ಶಾಲೆ ಮಕ್ಕಳ ವ್ಯಾನು ಓಡಿಸತೊಡಗಿದ, ತಡವಾಗಿ ಅಕ್ಕೂರಿನ ಹೆಣ್ಣನ್ನು ಮದುವೆಯಾಗಿ ರಾಮನಗರದಲ್ಲೇ ಮನೆ ಮಾಡಿದ. ಅಪ್ಪ ಹುಳು ಸಾಕುವುದನ್ನು ಬಿಟ್ಟ. ನಾನು ಮೈಸೂರು ಸೇರಿದೆ. ಅಜ್ಜಿಯ ಕಾಲು ಬಿದ್ದುಹೋದ ಮೇಲೆ ರಜೆಯಲ್ಲಿ ಅವಳಿಗೆ ಸ್ನಾನ ಮಾಡಿಸುವುದು ನನ್ನ ಪಾಲಿಗೆ ಬಂತು. ಒಂದು ಬೆಳಗ್ಗೆ ಬೆನ್ನಿಗೆ ಬಿಸಿನೀರು ಹುಯ್ಯುತ್ತಿದ್ದಾಗ ಅವಳು ನನ್ನ ಕೈ ಹಿಡಿದುಕೊಂಡಳು.

‘ಆವತ್ತು ನಾನ್ಯಾಕೆ ಎದ್ದೋದೆ ಗೊತ್ತೇನಮ್ಮಿ?’

ಯಾವತ್ತು ಎಂದು ನಾನು ಕೇಳಲಿಲ್ಲ.

‘ನಿಮ್ಮ ತಾತನ್ನ ಆಸ್ಪತ್ರೆಯಿಂದ ಬಟ್ಟೇಲಿ ಕಟ್ಕಂಡು ತಂದ್ರು. ಕಟ್ಟು ಬಿಚ್ಬ್ಯಾಡಿ ಅಂದ್ರು. ಮಖ ಒಸಿ ತೋರ್ಸಿದ್ರು, ಅಷ್ಟೇಯ. ಮೇಲಿಂದ ನೀರು ಚಿಮುಕ್ಸಿ ಎತ್ಕೊಂಡೋದ್ರು. ಕಾಲು ಎಂಗಾಗಿತ್ತೋ, ಕೈ ಎಂಗಾಗಿತ್ತೋ, ಒಂದ್ಸಲ ಮುಟ್ಟಾಕೂ ಬುಡಲಿಲ್ಲ. ಆ ಮುದುಕ ಹೆಂಡ್ತಿ ತಲೆ ಬಾಚ್ತಿದ್ನಲ್ಲ, ಅದ ನೋಡಿ ನಂಗೆ ತಡ್ಕಳ್ಳಾಕೆ ಆಗ್ಲಿಲ್ಲ ಕಣವ್ವ. ಗಂಡ ಸತ್ತು ಅಷ್ಟು ವರ್ಸ ಆದ್ಮೇಲೆ ಈ ಮುದುಕಿ ಊರ್ನೋರ ಮುಂದೆ ಅಳ್ತಾಳಲ್ಲ ಅಂತಾರೆ ಅಂತ ನಾಚ್ಕೆ ಆಯ್ತು. ಎದ್ದು ಬಂದ್ಬುಟ್ಟೆ.’

‘ಅದನ್ನ ಆಗಲೇ ಹೇಳಬಹುದಿತ್ತಲ್ಲಜ್ಜಿ.’

‘ಬೆತ್ತಲೆ ನೋಡಿ ಎದ್ದೋದ್ಲು ಅಂದ್ಕಂಡ್ರು. ಅನ್ಕಳ್ಲಿ ಅಂದ್ಬುಟ್ಟೆ. ಅದು ಅಷ್ಟು ದೊಡ್ಡದಾಯ್ತದೆ ಅಂತ ಯಾರಿಗ್ ಗೊತ್ತಿತ್ತು. ದೊಡ್ಡದಾದ್ಮೇಲೆ ಬಾಯಿ ಬರ್ಲಿಲ್ಲ.’ ಅವಳು ನನ್ನ ಕೈ ಬಿಟ್ಟಳು. ‘ನಾಗಂಗೆ ಹೇಳು. ನಾನಿರೋವಾಗ ಬ್ಯಾಡ. ಅವ್ನು ನನ್ ಮಖ ನೋಡಿದ್ರೆ ನಾನು ತಡೆಯಾಕಿಲ್ಲ.’

ಅಜ್ಜಿ ಮುಂದಿನ ಮಳೆಗಾಲ ದಾಟಲಿಲ್ಲ. ತಿಥಿಯ ಊಟ ಮುಗಿದು, ನೆಂಟರು ಚದುರಿದ ಮಧ್ಯಾಹ್ನ, ಚಿಕ್ಕಪ್ಪ ಅಂಗಳದಲ್ಲಿ ಕುರ್ಚಿಗಳನ್ನು ಮಡಿಸಿ ಪೇರಿಸುತ್ತಿದ್ದ. ನಾನು ಅವನ ಜೊತೆ ಸೇರಿ ಮಡಿಸುತ್ತಲೇ ಅಜ್ಜಿ ಹೇಳಿದ್ದನ್ನೆಲ್ಲ ಅವಳ ಮಾತಿನಲ್ಲೇ ಹೇಳಿದೆ. ಅವನು ಪೇರಿಸಿದ ಕುರ್ಚಿಯೊಂದನ್ನು ಮತ್ತೆ ಬಿಡಿಸಿ ಅದರ ಮೇಲೆ ಕೂತ.

‘ಅವ್ವಂಗೆ ಅಪ್ಪನ್ ನೆನಪು ಬರ್ಬೋದು ಅಂತ ಒಂದ್ಸಲಾನೂ ಯೋಚ್ನೆ ಮಾಡ್ಲಿಲ್ಲ ನೋಡು’ ಅಂದ. ಆಮೇಲೆ, ‘ಇಷ್ಟ್ ವರ್ಸ ಅವ್ವಂಗೆ ನನ್ನ ಕಂಡ್ರೆ ಆಗಾಕಿಲ್ಲ ಅಂದ್ಕಂಡಿದ್ದೆ. ಅವ್ವ ನಂಗೆ ಎದ್ರುಕೊಂಡು ಕೂತಿದ್ಲು.’

ಅವನಿಗೆ ಅಳು ಬರಲಿಲ್ಲ, ಅಥವಾ ಅಜ್ಜಿಯ ಮಗನಾದ್ದರಿಂದ ನನ್ನ ಮುಂದೆ ಅಳಲಿಲ್ಲ. ನಮ್ಮ ಮನೆಯಲ್ಲಿ ತಪ್ಪು ಮಾಡಿದವರು ಯಾರು ಎಂದು ಈಗಲೂ ಹುಡುಕುತ್ತೇನೆ, ಸಿಗುವುದಿಲ್ಲ. ಆದರೆ ಎಲ್ಲರೂ ಒಬ್ಬರಿಂದ ಒಬ್ಬರು ಮುಖ ಮರೆಸಿಕೊಂಡೇ ಅಷ್ಟು ವರ್ಷ ಬದುಕಿದೆವು. ಜಮೀನು ಮಾರಿದ ಮೇಲೆ ಕೊಂಡವರು ಮನೆಯನ್ನೂ ಹುಳುಮನೆಯನ್ನೂ ಒಟ್ಟಿಗೆ ಕೆಡವಿದರು. ನೋಡಲು ಅಪ್ಪ ಹೋಗಲಿಲ್ಲ, ಚಿಕ್ಕಪ್ಪನೂ ಹೋಗಲಿಲ್ಲ.

ತಿಥಿಯ ಆ ದಿನ ಅಂಗಳದಲ್ಲಿ ಕೂತಿದ್ದಾಗ ನಾನು ಕೇಳಿದೆ, ‘ಆ ಸಿನಿಮಾ ಕೊನೆಗೆ ಏನಾಯ್ತು ಚಿಕ್ಕಪ್ಪ?’

ಚಿಕ್ಕಪ್ಪ ಅಂಗಳದ ಆಚೆ ಓಣಿಯ ಕಡೆ ನೋಡುತ್ತ, ನಿಧಾನವಾಗಿ ಹೇಳತೊಡಗಿದ. ‘ಮುದುಕ ಅವ್ಳಿಗೆ ಒಳ್ಳೆ ಬಟ್ಟೆ ಉಡುಸ್ತಾನೆ. ಒಂದು ಹಲಗೆ ಮ್ಯಾಲೆ ಮಲಗ್ಸಿ, ಹಗ್ಗ ಕಟ್ಟಿ, ಮಂಜಿನ ಮ್ಯಾಲೆ ಒಬ್ನೇ ಎಳ್ಕಂಡು ಹೊಂಟ್ಬುಡ್ತಾನೆ. ಮುದುಕ, ಎಳ್ಯಾಕಾಗಾಕಿಲ್ಲ, ಬೀಳ್ತಾನೆ, ಏಳ್ತಾನೆ. ಆವಾಗ ಒಂದ್ ಮನೆ ಬಾಗ್ಲು ತಗೀತದೆ. ಒಬ್ಬ ಬಂದು ಹಗ್ಗ ಹಿಡ್ಕೋತಾನೆ. ಏನೂ ಮಾತಾಡಾಕಿಲ್ಲ. ಆಮೇಲೆ ಇನ್ನೊಬ್ಳು. ಆಮೇಲೆ ಊರ್ನೋರೆಲ್ಲ ಬತ್ತಾರೆ, ಮಕ್ಕಳು ಮರೀ ಎಲ್ಲ. ಎಲ್ರೂ ಸೇರ್ಕಂಡು ಎಳೀತಾರೆ. ಅಷ್ಟೇಯ.’

ಓಣಿಯಲ್ಲಿ ಡೈರಿಗೆ ಹೋಗುವವರು ಕ್ಯಾನು ಹಿಡಿದು ಹಾದರು. ಒಬ್ಬಿಬ್ಬರು ನಮ್ಮನ್ನು ನೋಡಿ ತಲೆಯಾಡಿಸಿದರು. ಚಿಕ್ಕಪ್ಪನೂ ತಲೆಯಾಡಿಸಿದ.

‘ಒಸಿ ಹೊತ್ತು ಕೂತಿದ್ರೆ ಎಲ್ರೂ ನೋಡಿರೋರು’ ಅಂದ.